ಇಂದಿನ ಧಮ್ಮ ಚಿಂತನೆ: ಬೇಡವೆಂದ ಉಡುಗೊರೆ ಎಲ್ಲಿಗೆ ಹೋಗುತ್ತದೆ?





ಸಂಯುತ್ತ ನಿಕಾಯದ ಅಕ್ಕೋಸ ಸುತ್ತ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಭಗವಾನ್ ಬುದ್ಧರು ರಾಜಗೃಹದ ವೇಳುವನದಲ್ಲಿದ್ದಾಗ ಭಾರದ್ವಾಜ ಗೋತ್ರದ ಒಬ್ಬ ಬ್ರಾಹ್ಮಣ ಸಿಟ್ಟಿನಿಂದ ಬಂದು ಬಾಯಿಗೆ ಬಂದಂತೆ ಬೈಯುತ್ತಾನೆ. ತನ್ನ ಗೋತ್ರದವನೊಬ್ಬ ಭಿಕ್ಖು ಆದನೆಂಬುದು ಅವನ ಸಂಕಟ. ಬುದ್ಧರು ತಿರುಗಿ ಬೈಯುವುದಿಲ್ಲ. ನಿಮ್ಮ ಮನೆಗೆ ನೆಂಟರು ಬರುತ್ತಾರೋ ಎಂದು ಕೇಳುತ್ತಾರೆ. ಬರುತ್ತಾರೆ ಎನ್ನುತ್ತಾನೆ. ಊಟಕ್ಕೆ ಬಡಿಸುತ್ತೀಯೋ? ಬಡಿಸುತ್ತೇನೆ. ಅವರು ಮುಟ್ಟದೇ ಹೋದರೆ ಆ ಊಟ ಯಾರದು? ನನಗೇ ಉಳಿಯುತ್ತದೆ ಎನ್ನುತ್ತಾನೆ. ಹಾಗೆಯೇ ನಿನ್ನ ಬೈಗುಳವನ್ನು ನಾನು ಸ್ವೀಕರಿಸಿಲ್ಲ, ಅದು ನಿನ್ನದೇ ಎನ್ನುತ್ತಾರೆ ಬುದ್ಧರು.

ಕಳೆದ ವಾರ ನಮ್ಮ ಓದಿನ ಬಳಗದಲ್ಲಿ ಇದನ್ನು ಓದುವಾಗ ಒಬ್ಬ ತಂಗಿ ಕೇಳಿದಳು: "ಬೈಗುಳಕ್ಕೆ ಸರಿ ಅಣ್ಣಾ. ದಿನಾ ಬೆಳಿಗ್ಗೆ ಪೇಪರ್ ಬಿಚ್ಚಿದರೆ ನಾಲ್ಕು ಕರಪತ್ರ ಉದುರತಾವ. ನಾನಂತೂ ಅವನ್ನ ಸ್ವೀಕರಿಸಿಲ್ಲ. ಅವು ಯಾರ ಹತ್ರ ವಾಪಸ್ ಹೋಗತಾವ?"

ಎಲ್ಲರೂ ನಕ್ಕರು. ನನಗೆ ಆ ಪ್ರಶ್ನೆ ಅಲ್ಲಿಗೇ ಬಿಡುವಂಥದ್ದು ಅನ್ನಿಸಲಿಲ್ಲ.

ನಮ್ಮ ಗಂಗಾವತಿಯಲ್ಲಿ ಇದಕ್ಕೂ ಒಂದು ಪಂಚಾಂಗ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಕಾಲೇಜುಗಳ ಬಣ್ಣದ ಹಾಳೆ. ಎಡದಂಡೆ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಬೀಜ, ಗೊಬ್ಬರ, ಔಷಧಿಯವರ ಹಾಳೆ. ದೀಪಾವಳಿಗೆ ಬಟ್ಟೆ, ಬಂಗಾರ. ಲೇಔಟಿನವರಿಗೆ ಕಾಲದ ಹಂಗಿಲ್ಲ. ಪೇಪರಿನೊಳಗೆ ಬರುತ್ತವೆ, ಗೇಟಿಗೆ ಸಿಕ್ಕಿಸಿರುತ್ತಾರೆ, ಬಸ್ ನಿಲ್ದಾಣದಲ್ಲಿ ಕೈಗೆ ತುರುಕುತ್ತಾರೆ.

ಬೈಗುಳ ಗಾಳಿ. ಕಾಗದಕ್ಕೆ ತೂಕವಿದೆ. ಮನಸ್ಸಿನಲ್ಲಿ ಎಷ್ಟು ಸಲ ಬೇಡವೆಂದರೂ ಅದು ಮನೆಯ ನೆಲದ ಮೇಲೆಯೇ ಬಿದ್ದಿರುತ್ತದೆ. ಬರೀ ಪೇಪರನ್ನಾದರೆ ರದ್ದಿ ಅಂಗಡಿಯವನು ತೂಗಿ ತೆಗೆದುಕೊಳ್ಳುತ್ತಾನೆ. ಪ್ಲಾಸ್ಟಿಕ್ ಪದರ ಅಂಟಿಸಿದ ಹಾಳೆಯಿಂದ ಮತ್ತೆ ಕಾಗದ ಮಾಡುವುದು ಕಷ್ಟ. ಅದು ಬೀದಿಗೆ ಬೀಳುತ್ತದೆ, ಮಳೆ ಬಂದರೆ ಚರಂಡಿಗೆ ಹೋಗುತ್ತದೆ, ಚರಂಡಿ ಕಟ್ಟಿಕೊಳ್ಳುತ್ತದೆ. ಆಗ ನಗರಸಭೆಯ ಪೌರಕಾರ್ಮಿಕರು ಬಂದು ಅದನ್ನು ಎತ್ತುತ್ತಾರೆ. ಪೌರಕಾರ್ಮಿಕರಲ್ಲಿ ಹೆಚ್ಚಿನವರು ಯಾವ ಕೇರಿಯವರೆಂದು ನಾನು ನಿಮಗೆ ಹೇಳಬೇಕಾಗಿಲ್ಲ.

ತಂಗಿಯ ಪ್ರಶ್ನೆಗೆ ಉತ್ತರ ಇದೇ. ಭಾರದ್ವಾಜನ ಬೈಗುಳ ಅವನಿಗೇ ಮರಳಿತು. ಅಂಗಡಿಯವನ ಹಾಳೆ ಅಂಗಡಿಗೆ ಮರಳುವುದಿಲ್ಲ. ಅಚ್ಚು ಹಾಕಿಸಿದವನಿಗೆ ಲಾಭದ ಆಸೆ, ಮನೆಯವನಿಗೆ ಒಂದು ಕ್ಷಣದ ಕಿರಿಕಿರಿ, ಕೊನೆಗೆ ಅದನ್ನು ಕೈಯಿಂದ ಮುಟ್ಟುವವರು ಮೂರನೆಯವರು. ಅವರನ್ನು ಯಾರೂ ಕೇಳಿರುವುದಿಲ್ಲ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಶ್ರಮ ವಿಭಜನೆ ಎಂಬ ನೆಪವನ್ನು ಬಯಲು ಮಾಡಿದ್ದನ್ನು ನಾವು ಎಷ್ಟೋ ಸಲ ಓದಿದ್ದೇವೆ. ಒಂದು ಬಣ್ಣದ ಹಾಳೆ ಪ್ರೆಸ್ಸಿನಿಂದ ಚರಂಡಿವರೆಗೆ ಹೋಗುವ ದಾರಿಯನ್ನು ನೋಡಿದರೆ ಆ ಮಾತು ಕಣ್ಣಿಗೇ ಕಾಣುತ್ತದೆ. ಸೆಪ್ಟೆಂಬರ್ 23 ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದಿನ. 1917ರಲ್ಲಿ ಬಾಬಾಸಾಹೇಬರು ಬರೋಡಾದಲ್ಲಿ ಸಂಕಲ್ಪ ಮಾಡಿದ ದಿನವೂ ಅದೇ. ನಾವು ಎರಡನ್ನೂ ಬೇರೆ ಬೇರೆಯಾಗಿ ಆಚರಿಸುತ್ತೇವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಬುದ್ಧರು ಮನಸ್ಸಿನಲ್ಲೇ ಬೇಡವೆಂದುಕೊಂಡು ಸುಮ್ಮನಾಗಲಿಲ್ಲ. ಬೈದವನ ಎದುರಿಗೇ, ಅವನಿಗೆ ಅರ್ಥವಾಗುವಂತೆ, ಇದು ನಿನ್ನದು ಎಂದು ಬಾಯಿಬಿಟ್ಟು ಹೇಳಿದರು. ನಿರಾಕರಣೆ ಕಳಿಸಿದವನನ್ನು ತಲುಪಬೇಕು. ಅಂಚೆ ಇಲಾಖೆಯಲ್ಲಿ ಇದಕ್ಕೆ ಹಳೆಯ ಪದ್ಧತಿ ಇದೆ. ಸಹಿ ಮಾಡಿ ಪಡೆಯಬೇಕಾದ ಅಂಚೆಯನ್ನು ಬೇಡವೆಂದರೆ ಪೋಸ್ಟ್‌ಮನ್ ಅದರ ಮೇಲೆ ಹಾಗೆಂದು ಬರೆದು ಕಳಿಸಿದವರಿಗೇ ಹಿಂದಿರುಗಿಸುತ್ತಾರೆ. ಆದರೆ ಅದೇ ಇಲಾಖೆ ಡೈರೆಕ್ಟ್ ಪೋಸ್ಟ್ ಎಂಬ ಸೇವೆಯಲ್ಲಿ ಹೆಸರು ವಿಳಾಸ ಇಲ್ಲದ ಜಾಹೀರಾತನ್ನೂ ಮನೆಮನೆಗೆ ಹಂಚುತ್ತದೆ. ಹೆಸರೇ ಇಲ್ಲದ ಮೇಲೆ ಬೇಡ ಎನ್ನುವವರು ಯಾರು?

ಫೋನಿಗಾದರೆ ದಾರಿ ಇದೆ. 1909ಕ್ಕೆ 'ಸ್ಟಾರ್ಟ್ 0' ಎಂದು ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜ್ ಕಳಿಸಿದರೆ, ಅಥವಾ ಆ ನಂಬರಿಗೆ ಫೋನ್ ಮಾಡಿದರೆ, ಜಾಹೀರಾತಿನ ಕರೆ, ಸಂದೇಶ ಬೇಡವೆಂದು ದಾಖಲಾಗುತ್ತದೆ. ಟ್ರಾಯ್ 2018ರಲ್ಲಿ ಇದರ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿತು. ಆಮೇಲೂ ಸಾಲ ಬೇಕಾ ಎಂದು ಕರೆ ಬರುತ್ತದೆ, ಅದು ಬೇರೆ ಮಾತು. ಅಂದ ಹಾಗೆ, ಆ ಕರೆ ಮಾಡುವ ಹುಡುಗಿಯ ಮೇಲೆ ರೇಗಬೇಡಿ. ಡಿಗ್ರಿ ಮುಗಿಸಿ ಬೇರೆ ಕೆಲಸ ಸಿಗದೆ ಹೆಡ್‌ಫೋನ್ ಹಾಕಿಕೊಂಡು ಕೂತ ನಮ್ಮ ಮನೆಯ ಮಗಳೇ ಅವಳಾಗಿರಬಹುದು. ಬಸ್ ನಿಲ್ದಾಣದಲ್ಲಿ ಹಾಳೆ ಹಂಚುವ ಹುಡುಗನೂ ಹಾಗೆಯೇ. ಅವನಿಗೆ ಬೇಡ ಎನ್ನುವುದು ಬಲು ಸುಲಭ, ಯಾಕೆಂದರೆ ಅವನು ಬಡವ. ಹಾಳೆಯ ಕೆಳಗೆ ಮಾಲೀಕನ ಫೋನ್ ನಂಬರ್ ಇರುತ್ತದೆ. "ಅಣ್ಣಾ, ನಮ್ಮ ಓಣಿಗೆ ಹಾಕಿಸಬೇಡಿ, ಯಾರೂ ಓದುವುದಿಲ್ಲ, ಚರಂಡಿ ಕಟ್ಟಿಕೊಳ್ಳುತ್ತದೆ" ಎಂದು ಆ ನಂಬರಿಗೆ ಮೈತ್ರಿಯಿಂದ ಹೇಳುವುದು ಕಷ್ಟ. ಹೇಳಬೇಕಾದ್ದು ಅಲ್ಲಿಗೇ.

ಮೌನದ ಬಗ್ಗೆ ಒಂದು ಮಾತು. ಬುದ್ಧರನ್ನು ಯಾರಾದರೂ ಊಟಕ್ಕೆ ಕರೆದರೆ ಅವರು ಮೌನವಾಗಿದ್ದು ಒಪ್ಪಿಗೆ ಸೂಚಿಸುತ್ತಿದ್ದರೆಂದು ಸುತ್ತಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಜಾಹೀರಾತಿನವರೂ ಮೌನವನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ. ಆದರೆ ಬುದ್ಧರ ಹತ್ತಿರ ಬಂದವರು ಮೊದಲು ಕೇಳುತ್ತಿದ್ದರು. ಪ್ರಶ್ನೆ ಕೇಳದೆ ಮೌನವನ್ನು ಉತ್ತರ ಎಂದುಕೊಳ್ಳುವುದು ಒಪ್ಪಿಗೆ ಪಡೆಯುವುದಲ್ಲ, ಕೊಡದ್ದನ್ನು ತೆಗೆದುಕೊಳ್ಳುವುದು. ನಮ್ಮ ಎರಡನೆಯ ಶೀಲ ಹೇಳುವುದು ಅದನ್ನೇ. ಜರ್ಮನಿಯಲ್ಲಿ ಜನ ಜಾಹೀರಾತು ಬೇಡ ಎಂಬ ಚೀಟಿಯನ್ನು ಅಂಚೆ ಡಬ್ಬಿಗೆ ಅಂಟಿಸುತ್ತಾರೆ, ಅದಕ್ಕೆ ಕಾನೂನಿನ ಬೆಲೆ ಇದೆ. ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ನಗರ 2018ರಿಂದ ಇನ್ನೂ ಮುಂದೆ ಹೋಯಿತು. ಬೇಕು ಎಂದು ಚೀಟಿ ಅಂಟಿಸಿದ ಮನೆಗೆ ಮಾತ್ರ ವಿಳಾಸವಿಲ್ಲದ ಜಾಹೀರಾತು ಹಾಕಬೇಕು. ಸುಮ್ಮನಿದ್ದವರು ಬೇಡ ಎಂದ ಹಾಗೆ. ನನಗೆ ಇದು ಸರಿಯೆನ್ನಿಸುತ್ತದೆ.

ಹಾಗೆಂದು ಕರಪತ್ರವನ್ನೇ ಹಗೆ ಮಾಡಿಕೊಳ್ಳಲು ನಮಗೆ ಬರುವುದಿಲ್ಲ. 1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಆರಂಭಿಸಿದಾಗ 'ಕೇಸರಿ' ಪತ್ರಿಕೆ ಹಣ ಕೊಡುತ್ತೇವೆಂದರೂ ಅದರ ಜಾಹೀರಾತು ಹಾಕಲಿಲ್ಲ. ನಮ್ಮ ಮಾತು ಯಾರ ಮನೆಗೂ ಹೋಗದಂತೆ ತಡೆದ ಕಾಲವದು. ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದದ್ದೂ ಕರಪತ್ರ, ಹಾಡು, ಗೋಡೆ ಬರಹಗಳಿಂದ. ಆ ಕರಪತ್ರವನ್ನು ಕೊಟ್ಟವರು ಎದುರು ನಿಂತು ಕೊಡುತ್ತಿದ್ದರು, ಓದು ಬಾರದವರಿಗೆ ಓದಿ ಹೇಳುತ್ತಿದ್ದರು, ಒಂದು ಹಾಳೆ ಹತ್ತು ಕೈ ದಾಟುತ್ತಿತ್ತು. ಓದಿದರೋ ಬಿಟ್ಟರೋ ಎಂಬ ಕಾಳಜಿ ಕೊಟ್ಟವರಿಗೆ ಇತ್ತು. ಸಾವಿರ ಹಾಳೆ ಎಸೆದರೆ ಹತ್ತು ಗಿರಾಕಿ ಬಂದರೂ ಸಾಕು ಎನ್ನುವ ಲೆಕ್ಕದಲ್ಲಿ ಉಳಿದ 990 ಮನೆಗಳು ಮೊದಲೇ ಕಸದ ತೊಟ್ಟಿಗಳಾಗಿರುತ್ತವೆ.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲಿ ಸಾಮ್ರಾಟ ಅಶೋಕರ ಶಾಸನಗಳಿವೆ. ಅವನ್ನೂ ಯಾರೂ ಕೇಳಿ ಬರೆಸಿದ್ದಲ್ಲ. ಆದರೆ ಅದರಲ್ಲಿ ಅವರು ಮೊದಲು ಹೇಳಿಕೊಳ್ಳುವುದು ತಾವು ಉಪಾಸಕರಾದ ಮೇಲೂ ಆರಂಭದಲ್ಲಿ ಸಾಕಷ್ಟು ಪ್ರಯತ್ನ ಪಡಲಿಲ್ಲವೆಂದು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಸಾಧಿಸಬಹುದು ಎನ್ನುವುದು ಆಮೇಲೆ. 2,200 ವರ್ಷ ದಾಟಿದರೂ ಆ ಮಾತು ಬಂಡೆಯ ಮೇಲೇ ಇದೆ, ಯಾರೂ ಅದನ್ನು ಗುಡಿಸಬೇಕಾಗಿ ಬಂದಿಲ್ಲ.

ಈಗ ನಮ್ಮ ಮನೆಯ ಮಾತು. ಏಪ್ರಿಲ್ 14ಕ್ಕೆ ಊರ ತುಂಬ ಫ್ಲೆಕ್ಸ್ ಬೀಳುತ್ತವೆ. ಬಾಬಾಸಾಹೇಬರ ಮುಖ ಒಂದು ಮೂಲೆಯಲ್ಲಿ, ಉಳಿದ ಜಾಗದಲ್ಲಿ ಶುಭಕೋರುವವರ ಮುಖಗಳು. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳನ್ನು ನಿಷೇಧಿಸಿದೆ. 2022ರ ಜುಲೈ 1ರಿಂದ ಕೇಂದ್ರದ ನಿಯಮವೂ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ಬೇಡ ಎನ್ನುತ್ತದೆ. ಲಗ್ನಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ಕೂ ಆ ಪಟ್ಟಿಯಲ್ಲಿದೆ. ಬೇರೆಯವರು ಕಟ್ಟುತ್ತಾರೆ, ನಾವು ಕಟ್ಟಿದರೆ ಮಾತ್ರ ಕಾನೂನು ನೆನಪಾಗುತ್ತದೆಯೇ ಎಂದು ಯುವಕರು ಕೇಳುತ್ತಾರೆ. ಅವರ ಸಿಟ್ಟು ನ್ಯಾಯವೇ. ಈ ಊರಿನ ಬೀದಿಯಲ್ಲಿ ನಮ್ಮ ಬಾಬಾಸಾಹೇಬರ ಚಿತ್ರ ಕಟ್ಟುವ ಹಕ್ಕೂ ಸುಮ್ಮನೆ ಸಿಕ್ಕಿದ್ದಲ್ಲ. ಆದರೆ ಏಪ್ರಿಲ್ ಕೊನೆಗೆ ಮಳೆಗಾಳಿಗೆ ಹರಿದು ಬಿದ್ದ ಆ ಚಿತ್ರವನ್ನು ಚರಂಡಿಯಿಂದ ಎತ್ತುವ ನಮ್ಮ ಅಕ್ಕ ಏನು ಅಂದುಕೊಳ್ಳುತ್ತಾಳೆ? ಒಂದು ಬಟ್ಟೆಯ ಬ್ಯಾನರ್ ಮಾಡಿಸಿ, ಮಡಚಿಟ್ಟು, ವರ್ಷ ವರ್ಷವೂ ಕಟ್ಟಿದರೆ ಗೌರವ ಕಡಿಮೆಯಾಗುವುದಿಲ್ಲ.

ವಿನಯ ಪಿಟಕದಲ್ಲಿ ಆನಂದರ ಪ್ರಸಂಗವಿದೆ. ಕೋಸಂಬಿಯ ಉದೇನ ರಾಜನ ರಾಣಿಯರು ಆನಂದರಿಗೆ 500 ಚೀವರ ಕೊಡುತ್ತಾರೆ. ಇಷ್ಟು ಬಟ್ಟೆ ಏನು ಮಾಡುತ್ತೀರಿ ಎಂದು ರಾಜ ಅನುಮಾನದಿಂದ ಕೇಳುತ್ತಾನೆ. ಹರಿದ ಚೀವರದ ಭಿಕ್ಖುಗಳಿಗೆ ಹಂಚುತ್ತೇವೆ ಎನ್ನುತ್ತಾರೆ ಆನಂದರು. ಹರಿದದ್ದನ್ನು? ಹೊದಿಕೆಗೆ. ಹಳೆಯ ಹೊದಿಕೆ? ಹಾಸಿಗೆಯ ಗವಸಿಗೆ. ಹೀಗೆ ನೆಲಹಾಸು, ಕಾಲೊರಸು, ಧೂಳು ಒರೆಸುವ ಬಟ್ಟೆ ಎಂದು ಇಳಿಯುತ್ತಾ ಕೊನೆಗೆ ಕೊಚ್ಚಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಬಳಿಯುತ್ತೇವೆ ಎನ್ನುತ್ತಾರೆ. ರಾಜ ಸಂತೋಷಪಟ್ಟು ಇನ್ನೂ 500 ಕೊಡುತ್ತಾನೆ. ನಮ್ಮ ಕಡೆ ರೈತರು ಹಳೆಯ ಫ್ಲೆಕ್ಸನ್ನು ಭತ್ತದ ರಾಶಿಗೆ ಹೊದಿಸುವುದು ಆನಂದರ ದಾರಿಯದೇ. ಆದರೆ ಆನಂದರ ಬಟ್ಟೆ ಕೊನೆಗೆ ಮಣ್ಣಾಯಿತು, ಫ್ಲೆಕ್ಸ್ ಆಗುವುದಿಲ್ಲ.

ಇನ್ನು ಈ ಸಂದೇಶ. ಇದೂ ದಿನಾ ಬೆಳಿಗ್ಗೆ ನಿಮ್ಮ ಫೋನಿಗೆ ಬರುತ್ತದೆ. ಮಜ್ಝಿಮ ನಿಕಾಯದ ಅಭಯ ರಾಜಕುಮಾರ ಸುತ್ತದಲ್ಲಿ, ನಿಜವೂ ಹಿತವೂ ಆದ ಮಾತಿಗೂ ತಥಾಗತರು ಸಮಯ ನೋಡುತ್ತಾರೆ ಎಂದಿದೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವವರು ನಮ್ಮ ಗುಂಪಿನಲ್ಲಿ ಇದ್ದಾರೆ. ಕೇಳದೆ ಸೇರಿಸಿದ ನಂಬರುಗಳೂ ಕೆಲವು ಇವೆ. ಆದ್ದರಿಂದ ಇಂದು ಎಲ್ಲರನ್ನೂ ಕೇಳುತ್ತಿದ್ದೇವೆ: ಈ ಚಿಂತನೆ ಬೇಕಾದವರು 'ಬೇಕು' ಎಂದು ಒಂದು ಮಾತು ಬರೆಯಿರಿ. ಹುಣ್ಣಿಮೆಯವರೆಗೆ ಕಾಯುತ್ತೇವೆ. ಬರೆಯದವರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇವೆ, ಬೇಜಾರಿಲ್ಲ. ಭಾನುವಾರದ ವಂದನೆಗೆ ಅವರು ಎಂದಿನಂತೆ ಬರಬಹುದು, ಚಹಾ ಇರುತ್ತದೆ.

ಭವತು ಸಬ್ಬ ಮಂಗಲಂ. ಜೈ ಭೀಮ್.