ಇಪ್ಪತ್ತು ವರ್ಷ ನಿಂತ ಗಾಡಿ

ರಾಜಾಜಿನಗರದ ಬ್ಲಾಕುಗಳಲ್ಲಾಗಲಿ, ವಿಜಯನಗರ, ಬಸವೇಶ್ವರನಗರದ ಕ್ರಾಸುಗಳಲ್ಲಾಗಲಿ ಖಾಲಿ ಸೈಟು ಎಂಬುದು ನಿಜವಾಗಿ ಖಾಲಿ ಇರುವುದಿಲ್ಲ. ಕಾಂಗ್ರೆಸ್ ಗಿಡ ಕಿತ್ತು, ಒಂದೆರಡು ಲೋಡು ಮಣ್ಣು ಹರಡಿ, ಅಕ್ಕಪಕ್ಕದ ಮನೆಯವರು ಅಲ್ಲಿ ಗಾಡಿ ನಿಲ್ಲಿಸಿಕೊಂಡಿರುತ್ತಾರೆ. ಮಾಲೀಕರು ಮೈಸೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಅವರ ಮಗ ಒಂದು ದಿನ ಜೆಸಿಬಿ ತರಿಸುತ್ತಾನೆ. ಅಲ್ಲಿಯವರೆಗೆ ನೀರಿನ ವಿಷಯಕ್ಕೂ ಒಂದಾಗದ ಬೀದಿ ಆಗ ಒಂದಾಗುತ್ತದೆ. "ಇಪ್ಪತ್ತೈದು ವರ್ಷದಿಂದ ಇಲ್ಲೇ ನಿಲ್ಲಿಸ್ತಾ ಇದೀವಿ, ಇಷ್ಟು ದಿನ ಯಾರೂ ಕೇಳಲಿಲ್ಲ. ಈಗ ಬಂದು ತೆಗೀರಿ ಅಂದ್ರೆ?"

ಇದನ್ನು ಭಂಡವಾದ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕಾಲ ಸರಿದರೆ ಹಕ್ಕು ಹುಟ್ಟೀತು ಎಂಬ ನಂಬಿಕೆ ಬೀದಿಯವರು ಕಟ್ಟಿದ್ದಲ್ಲ. ತನ್ನ ಭೂಮಿಯನ್ನು ಇನ್ನೊಬ್ಬ ಅನುಭವಿಸುವುದನ್ನು ಕಣ್ಣಾರೆ ಕಂಡೂ ಬಾಯಿ ಬಿಡದವನಿಗೆ ಇಪ್ಪತ್ತು ವರ್ಷಕ್ಕೆ ನಷ್ಟ ತಪ್ಪಿದ್ದಲ್ಲ ಎಂದು ಯಾಜ್ಞವಲ್ಕ್ಯ ಸ್ಮೃತಿಯೇ ಹೇಳುತ್ತದೆ. 1882ರ ಈಸ್‌ಮೆಂಟ್ ಕಾಯಿದೆಯ 15ನೇ ಕಲಮೂ ಅದೇ 20 ವರ್ಷವನ್ನೇ ಹಿಡಿದಿದೆ: ಬಹಿರಂಗವಾಗಿ, ತಂಟೆಯಿಲ್ಲದೆ, ಯಾರ ಅಪ್ಪಣೆಯನ್ನೂ ಬೇಡದೆ, ನಡುವೆ ಎಲ್ಲೂ ತಡೆಯಿಲ್ಲದೆ ಬಳಸಿರಬೇಕು. ಜಾಗವನ್ನು ತನ್ನದೆಂದೇ ಹಿಡಿದು ಕೂತವನಿಗಂತೂ 1963ರ ಕಾಲಮಿತಿ ಕಾಯಿದೆಯಲ್ಲಿ 12 ವರ್ಷವೇ ಸಾಕು.

ಆದರೆ ಸ್ಮೃತಿಯ ಆ ಮಾತಿಗೆ ನಮ್ಮ ನೆಲದಲ್ಲೇ ಒಂದು ತಿದ್ದುಪಡಿ ಬಿತ್ತು. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬಸವಕಲ್ಯಾಣ ಎನ್ನುವ ಊರಿನಲ್ಲಿದ್ದುಕೊಂಡು 'ಮಿತಾಕ್ಷರ' ಬರೆದ ವಿಜ್ಞಾನೇಶ್ವರ ಈ ನಿಯಮಕ್ಕೆ ಬಂದಾಗ ತಡೆಯುತ್ತಾನೆ. ಸುಮ್ಮನಿದ್ದವನು ಕಳೆದುಕೊಳ್ಳುವುದು ಅಷ್ಟು ವರ್ಷದ ಫಲವನ್ನು, ಭೂಮಿಯನ್ನಲ್ಲ ಎಂಬುದು ಅವನ ತೀರ್ಮಾನ. ತಿಂದ ಬೆಳೆಯ ಲೆಕ್ಕ ಕೇಳುವಂತಿಲ್ಲ, ಹೊಲ ಮಾತ್ರ ಹೊಲದವನದೇ.

ಒಂಬೈನೂರು ವರ್ಷದ ಹಿಂದಿನ ಈ ಭೇದವೇ ನಮ್ಮ ಸೈಟಿನ ಜಗಳಕ್ಕೂ ಸರಿಯಾದ ಅಳತೆಗೋಲು ಎಂಬುದು ನನ್ನ ವಾದ. ಮಾಲೀಕ 25 ವರ್ಷದ ಪಾರ್ಕಿಂಗ್ ಬಾಡಿಗೆ ಕೇಳಿದರೆ ಬೀದಿ ನಗಬಹುದು, ನಗಬೇಕು ಕೂಡ. ಅಷ್ಟೂ ದಿನ ಬಾಯಿ ಮುಚ್ಚಿಕೊಂಡಿದ್ದ ತಪ್ಪಿಗೆ ಅವನು ತೆತ್ತ ಬೆಲೆ ಅದು. ಇಪ್ಪತ್ತಾರನೇ ವರ್ಷವೂ ತಮಗೇ ಸೇರಬೇಕು ಎಂದು ಬೀದಿಯವರು ಹೇಳುವುದು ಬೇರೆಯೇ ಮಾತು. ಗಾಡಿ ನಿಲ್ಲಿಸುವುದಕ್ಕೂ ಪಕ್ಕದ ಹೊಲದ ಬದುವಿನ ಮೇಲೆ ನಡೆದುಹೋಗುವುದಕ್ಕೂ ವ್ಯತ್ಯಾಸವಿದೆ. ನಡೆದುಹೋದ ಮೇಲೆ ಹೊಲ ಮಾಲೀಕನ ಉಳುಮೆಗೆ ಮಿಗುತ್ತದೆ. 30x40ರಲ್ಲಿ ನಾಲ್ಕು ಕಾರು ನಿಂತರೆ ಅವನಿಗೆ ಮಿಗುವುದು ಕಂದಾಯದ ರಸೀತಿ. ಇಂಗ್ಲೆಂಡಿನಲ್ಲಿ 2001ರ ಬ್ಯಾಚಲರ್–ಮಾರ್ಲೋ ಪ್ರಕರಣದಲ್ಲಿ ಆರು ಕಾರುಗಳ ಹಕ್ಕನ್ನು ಮೇಲ್ಮನವಿ ನ್ಯಾಯಾಲಯ ಒಪ್ಪದೇ ಹೋದದ್ದು ಇದೇ ಕಾರಣಕ್ಕೆ: ವಾರದ ದಿನಗಳಲ್ಲಿ ಬೆಳಗಿನಿಂದ ಸಂಜೆವರೆಗೂ ಗಾಡಿ ನಿಂತರೆ ಒಡೆತನ ಎಂಬುದು ಬರೀ ಹೆಸರಿಗೆ ಉಳಿಯುತ್ತದೆ.

(ಅಪಾರ್ಟ್‌ಮೆಂಟಿನ ಮಾತು ಬೇರೆ. ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ಮುಂಬೈಯ ಪಂಚಾಲಿ ಸೊಸೈಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಅಲ್ಲಿನ ನಿವಾಸಿಗಳು ಕಾಯುವುದು ತಮ್ಮ ಪಾಲಿನದನ್ನೇ.)

ಮಾಲೀಕರೇನು ಪಾಪದವರಲ್ಲ. ಈ ಬಡಾವಣೆಗಳ ಎಷ್ಟೋ ಸೈಟುಗಳನ್ನು ಮೊದಲು ಸಿಐಟಿಬಿ, 1976ರ ನಂತರ ಬಿಡಿಎ, ಹಳ್ಳಿಗಳ ಹೊಲ ಸ್ವಾಧೀನಪಡಿಸಿಕೊಂಡು ಹಂಚಿದವು. ಕೊಟ್ಟದ್ದು ಮನೆ ಕಟ್ಟಲೆಂದು. ಕಟ್ಟದೆ ಬೆಲೆ ಏರಲೆಂದು ಬಿಟ್ಟವರ ಸೈಟಿನಲ್ಲಿ ಕಸ ಬೀಳದಂತೆ ನೋಡಿದವರು, ನಕಲಿ ದಾಖಲೆ ಹಿಡಿದು ಬೇಲಿ ಹಾಕಲು ಬಂದವರನ್ನು ಅಟ್ಟಿದವರು ಇದೇ ಗಾಡಿಯವರು. 2021ರಲ್ಲಿ ಮೆಟ್ರೊ ಕೆಂಗೇರಿ ಮುಟ್ಟಿದ ಮೇಲೆ ಎಷ್ಟು ಜನರಿಗೆ ತಮ್ಮದೊಂದು ಸೈಟಿದೆ ಎಂಬುದು ಥಟ್ಟನೆ ನೆನಪಾಯಿತೋ! ದುಡಿಮೆ ಬೆರೆತಲ್ಲಿ ಒಡೆತನ ಹುಟ್ಟುತ್ತದೆ ಎಂದ ಜಾನ್ ಲಾಕ್ ಬೀದಿಯವರ ಪರ ವಕಾಲತ್ತು ವಹಿಸಿಯಾನು ಎನಿಸಬಹುದು. ವಹಿಸಲಾರ. ಅವನು ಹೇಳಿದ್ದು ಯಾರದ್ದೂ ಅಲ್ಲದ ನೆಲದ ಬಗ್ಗೆ. ಕಾವಲು ಕಾದದ್ದು ಸೇವೆ. ಸೇವೆಗೆ ಕೃತಜ್ಞತೆ ಸಲ್ಲಬೇಕು, ಬೇಕಿದ್ದರೆ ಸಂಬಳವೂ ಸಲ್ಲಲಿ. ಕಾದವನಿಗೆ ತೋಟ ಬರೆದುಕೊಡುವ ರೂಢಿ ಎಲ್ಲೂ ಇಲ್ಲ.

ನನ್ನನ್ನು ನಿಜಕ್ಕೂ ಕಾಡುವುದು ಇನ್ನೊಂದು ಸಂಗತಿ. 'ನಾವು' ಎನ್ನುವಾಗ ಯಾರು ಆ ನಾವು? ಅದೇ ಬೀದಿಯ ಮೂರನೇ ಮಹಡಿಯಲ್ಲಿ, ಶೀಟಿನ ಮನೆಯಲ್ಲಿ ಬಾಡಿಗೆಗೆ ಇರುವವರು ಆ ಸೈಟಿನೊಳಗೆ ಬೈಕು ತಂದರೆ "ಇದು ನಮ್ಮ ಜಾಗ" ಎಂದು ಕಲ್ಲು ಅಡ್ಡ ಇಡುವವರೂ ಇವರೇ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಬದುಕುವವನಿಗೆ ಇಪ್ಪತ್ತು ವರ್ಷ ಎಲ್ಲಿಂದ ಕೂಡೀತು? ದೀರ್ಘ ಬಳಕೆಯನ್ನೇ ಹಕ್ಕಿನ ಬುನಾದಿ ಮಾಡಿದರೆ ಅದು ಒಂದೆಡೆ ನೆಲೆಯೂರಲು ಆದವರಿಗೆ, ಎಂದರೆ ಆಗಲೇ ಸ್ವಂತ ಮನೆ ಇದ್ದವರಿಗೆ ಸಿಗುವ ಹಕ್ಕು. ಮಾಲೀಕತ್ವದ ವಿರುದ್ಧ ಎದ್ದಂತೆ ಕಾಣುವ ಈ ಕೂಗು ಅಸಲಿಗೆ ಇನ್ನೊಂದು ಮಾಲೀಕತ್ವದ್ದು. ಕ್ರಯಪತ್ರದ ಬದಲು ಅದರ ಕೈಯಲ್ಲಿರುವುದು ಕ್ಯಾಲೆಂಡರ್, ಅಷ್ಟೇ.

ಇದಕ್ಕೆ ಬೆಲೆ ತೆರುವವರು ಮುಂದಿನವರು. "ಪರವಾಗಿಲ್ಲ, ನಿಲ್ಲಿಸ್ಕೊಳ್ಳಿ" ಎಂದ ಒಬ್ಬ ಮಾಲೀಕ ಕೋರ್ಟು ಹತ್ತಿದ ಸುದ್ದಿ ಹರಡಿದರೆ ಸುತ್ತಲಿನ ಹತ್ತು ಸೈಟುಗಳಿಗೆ ತಗಡಿನ ಬೇಲಿ, ಬೀಗ, ಎಚ್ಚರಿಕೆಯ ಬೋರ್ಡು ಬರುತ್ತವೆ. ಔದಾರ್ಯವನ್ನು ಹಕ್ಕೆಂದು ಬರೆದುಕೊಂಡ ಬೀದಿಯಲ್ಲಿ ಆಮೇಲೆ ಯಾರೂ ಉದಾರಿಯಾಗುವ ಧೈರ್ಯ ಮಾಡುವುದಿಲ್ಲ. ಕೋಟಿ ದಾಟಿದ ವಾಹನಗಳ ಈ ನಗರದಲ್ಲಿ ಅದು ಸಣ್ಣ ನಷ್ಟವಲ್ಲ. ಕಾರು ಕೊಳ್ಳುವ ಮುನ್ನ ನಿಲ್ಲಿಸಲು ಜಾಗ ತೋರಿಸಬೇಕೆಂದು ಜಪಾನು 1962ರಲ್ಲೇ ಕಾನೂನು ಮಾಡಿತು. ನಾವು ಮೊದಲು ಕಾರು ತಂದು, ಆಮೇಲೆ ಜಾಗ ಹುಡುಕಿ, ಕೊನೆಗೆ ಆ ಜಾಗಕ್ಕೊಂದು ಇತಿಹಾಸ ಕಟ್ಟುತ್ತೇವೆ.

ಹಾಗೆಂದು ರಾತ್ರೋರಾತ್ರಿ ಬೇಲಿ ಹಾಕುವ ಮಾಲೀಕನ ಪರವೂ ನಾನಿಲ್ಲ. ಅವನ ಮೌನವನ್ನು ನಂಬಿ ಜನ ಬದುಕು ಹೊಂದಿಸಿಕೊಂಡಿದ್ದಾರೆ. ಅಂಗವಿಕಲರೊಬ್ಬರ ಸ್ಕೂಟರು, ದಿನದ ದುಡಿಮೆಯ ಆಟೊ ಅಲ್ಲಿ ನಿಂತಿರಬಹುದು. ಕೊಟ್ಟ ಅನುಮತಿ ಹಿಂಪಡೆದಾಗ ಜಾಗ ಬಿಡಲು ತಕ್ಕ ಕಾಲಾವಕಾಶ ಕೊಡಬೇಕೆಂದು ಅದೇ ಈಸ್‌ಮೆಂಟ್ ಕಾಯಿದೆಯ 63ನೇ ಕಲಂ ಹೇಳುತ್ತದೆ. ಇಪ್ಪತ್ತು ವರ್ಷದ ಬಳಕೆ ಕೊಡಬಲ್ಲದ್ದು ಇದನ್ನೇ: ನೆಲವನ್ನಲ್ಲ, ಕೆಲವು ತಿಂಗಳ ಗಡುವನ್ನು. ಬಳಕೆ ಉದ್ದವಾದಷ್ಟೂ ಗಡುವು ಉದ್ದವಾಗಲಿ.

ಜಗಳವನ್ನು ಮೊದಲೇ ತಪ್ಪಿಸುವ ದಾರಿಯೂ ಇದೆ. ವರ್ಷಕ್ಕೊಮ್ಮೆ ಮಾಲೀಕ ಬರೆದುಕೊಡುವ ಒಂದು ಅನುಮತಿ ಪತ್ರ, ಬಾಡಿಗೆದಾರರ ಹೆಸರನ್ನೂ ಸೇರಿಸಿ. ಅಪ್ಪಣೆ ಪಡೆದ ಬಳಕೆ ಎಷ್ಟು ವರ್ಷ ನಡೆದರೂ 15ನೇ ಕಲಮಿನ ಹಕ್ಕಾಗುವುದಿಲ್ಲ, ಹಾಗಾಗಿ ಅವನಿಗೆ ಬೀಗದ ಅಗತ್ಯ ಬೀಳುವುದಿಲ್ಲ. ಮಾಲೀಕರಲ್ಲಿ ಹೆಚ್ಚಿನವರು ಇದಕ್ಕೆ ಒಪ್ಪಿಯಾರು. ಸಹಿ ಹಾಕಲು ತಕರಾರು ಬಂದರೆ ಅದು ಗಾಡಿಯವರಿಂದಲೇ, ಏಕೆಂದರೆ ಆ ಹಾಳೆಯ ಮೊದಲ ಸಾಲಿನಲ್ಲೇ ಜಾಗ ತಮ್ಮದಲ್ಲ ಎಂದು ಬರೆದಿರುತ್ತದೆ.