ಮನೆಯ ಅನ್ನ, ಹರಿಯ ನೈವೇದ್ಯ

॥ ಶ್ರೀ ಗುರುಭ್ಯೋ ನಮಃ ॥



ಪುಷ್ಯಮಾಸದ ಬಹುಳ ಅಷ್ಟಮಿಯು ಶ್ರೀ ಗೋಪಾಲದಾಸರ ಆರಾಧನೆಯ ಪುಣ್ಯದಿನ. ದೇವದುರ್ಗ ತಾಲೂಕಿನ ಮಸರಕಲ್, ಹಿರಿಯರ ಬಾಯಲ್ಲಿ ಮೊಸರಕಲ್ಲು, ಕೃಷ್ಣಾ ತುಂಗಭದ್ರೆಯರ ನಡುವಣ ಈ ನಾಡಿನ ಒಂದು ಸಾಮಾನ್ಯ ಗ್ರಾಮ. ಆದರೆ 1722ರಲ್ಲಿ ಭಾಗಣ್ಣನೆಂಬ ಹೆಸರಿನಿಂದ ದಾಸರು ಇಲ್ಲಿ ಅವತರಿಸಿದ ಕಾರಣ, ಹರಿದಾಸಸಾಹಿತ್ಯವನ್ನು ಬಲ್ಲವರೆಲ್ಲರೂ ಈ ಊರಿನ ಹೆಸರನ್ನು ಕೈಮುಗಿದು ಹೇಳುತ್ತಾರೆ. ಶ್ರೀ ವಿಜಯದಾಸರ ಶಿಷ್ಯರಲ್ಲಿ ಭಕ್ತಿಗೆ ಭಾಗಣ್ಣನನ್ನೇ ಎಣಿಸಬೇಕೆಂಬುದು ಪರಂಪರೆಯ ಮಾತು.

ಆ ಮಹನೀಯರ ಆರಾಧನೆಯ ನಿಮಿತ್ತವಾಗಿ ಈ ಸಲ ನಾವು ಒಂದು ಗೃಹಕೃತ್ಯದ ವಿಷಯವನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಇಂದು ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಅನೇಕ ಮಾಧ್ವ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಸಮುದ್ರದಾಚೆ ಇದ್ದಾರೆ. ಪಂಕ್ತಿಯಲ್ಲಿ ಎಲೆ ಹಾಕುವಾಗ ತಾಯಂದಿರ ಕಣ್ಣು ಒಂದು ಕ್ಷಣ ಆ ತೆರವಾದ ಸ್ಥಳದ ಮೇಲೆ ನಿಲ್ಲುತ್ತದೆ. ಮಗು ಹೇಗಿದ್ದಾನೆಂದು ಕೇಳಿದರೆ ಬರುವ ಉತ್ತರವೂ ಬಹುತೇಕ ಒಂದೇ: "ಎಲ್ಲಾ ಅನುಕೂಲ ಅದ ಆಚಾರ್ರೆ, ಊಟದ್ದೇ ಒಂದು ಚಿಂತಿ." ಆ ಮಕ್ಕಳಾದರೂ ದೂರವಾಣಿಯಲ್ಲಿ ಕೇಳುವುದೇನನ್ನು? ಬಿಳಿಜೋಳದ ಬಿಸಿರೊಟ್ಟಿ, ಪುಂಡಿಪಲ್ಯ, ಬೆಳ್ಳುಳ್ಳಿಯಿಲ್ಲದೆ ಮನೆಯಲ್ಲಿ ಕುಟ್ಟಿದ ಶೇಂಗಾಹಿಂಡಿ, ಸಂಕ್ರಾಂತಿಯಲ್ಲಿ ಎಳ್ಳು ಹಚ್ಚಿ ತಟ್ಟಿದ ಸಜ್ಜೆರೊಟ್ಟಿ, ದ್ವಾದಶಿಯ ಬೆಳಗಿನ ಪಾರಣೆಯ ಊಟ. ಹತ್ತು ಬಗೆಯ ಹಣ್ಣು, ಹಾಲು, ಬೆಣ್ಣೆ ಅಲ್ಲಿ ಯಥೇಷ್ಟವಾಗಿ ದೊರೆಯುತ್ತವೆ. ಆದರೂ ಅವರ ಮನಸ್ಸು ಮಾತ್ರ ಈ ಒಣಭೂಮಿಯ ಜೋಳಕ್ಕೆ ಹಂಬಲಿಸುತ್ತದೆ.

ಈ ಹಂಬಲವು ಎಂತಹುದು? ಕೆಲವರು ಇದನ್ನು ಜಿಹ್ವಾಚಾಪಲ್ಯವೆಂದು ತಳ್ಳಿಹಾಕುತ್ತಾರೆ. ಮತ್ತೆ ಕೆಲವರು, ಆಚಾರವನ್ನು ಬಿಟ್ಟು ಹೋದವನಿಗೆ ಮನೆಯ ಅನ್ನದ ಮಾತೇಕೆ ಎಂದು ಕಠಿಣವಾಗಿ ನುಡಿಯುತ್ತಾರೆ. ಇವೆರಡೂ ಪೂರ್ಣವಾದ ಉತ್ತರಗಳಲ್ಲವೆಂದು ನಮಗೆ ತೋರುತ್ತದೆ. ನಮ್ಮ ಮನೆಗಳಲ್ಲಿ ಅನ್ನವೆಂಬುದು ಒಲೆಯಿಂದ ನೇರವಾಗಿ ಎಲೆಗೆ ಬರುವ ಪದಾರ್ಥವಲ್ಲ. ಮಡಿಯಲ್ಲಿ ಬೇಯುತ್ತದೆ, ತುಳಸೀದಳವನ್ನು ಧರಿಸಿ ಶ್ರೀಹರಿಯ ಮುಂದೆ ನಿಲ್ಲುತ್ತದೆ, ಅನಂತರ ಶ್ರೀಲಕ್ಷ್ಮೀದೇವಿಗೆ, ಮುಖ್ಯಪ್ರಾಣದೇವರಿಗೆ, ಗುರುಗಳಿಗೆ ಸಲ್ಲುತ್ತದೆ, ಅತಿಥಿಗಳಿಗೆ ಬಡಿಸಲ್ಪಡುತ್ತದೆ, ಕಡೆಗೆ ನಮ್ಮ ಪಾಲಿಗೆ ಪ್ರಸಾದವಾಗಿ ಬರುತ್ತದೆ. ನೈವೇದ್ಯದ ಘಂಟೆ ಕೇಳುವವರೆಗೆ ಹಸಿವನ್ನು ತಡೆದು ಕುಳಿತ ಮಗುವಿಗೆ ಆ ರುಚಿಯೂ ಆ ಕ್ರಮವೂ ಬೇರೆಬೇರೆಯಾಗಿ ನೆನಪಿರುವುದಿಲ್ಲ. ಪರದೇಶದಲ್ಲಿ ಕುಳಿತು ರೊಟ್ಟಿಯನ್ನು ನೆನೆಯುವವನು, ತನಗೆ ತಿಳಿಯದಂತೆಯೇ, ಆ ಘಂಟೆಯನ್ನೂ ನೆನೆಯುತ್ತಿರುತ್ತಾನೆ. ಆದುದರಿಂದ ಈ ಹಂಬಲವನ್ನು ನಿಂದಿಸದೆ, ಅದನ್ನು ನಾಲಿಗೆಯಲ್ಲಿಯೇ ನಿಲ್ಲಗೊಡದೆ, ದೇವರ ಕಡೆಗೆ ತಿರುಗಿಸುವ ದಾರಿಯನ್ನು ಹಿರಿಯರು ತೋರಿಸಬೇಕು.

ಊರು ಬಿಡುವ ದುಃಖ ದಾಸರಿಗೂ ತಪ್ಪಲಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಭಾಗಣ್ಣನ ಮನೆಯವರು, ದಾಯಾದಿಗಳಿಂದ ಹೊಲಮನೆಗಳನ್ನು ನೀಗಿ, ತಾಯಿ ವೆಂಕಮ್ಮನವರೊಡನೆ ಮಸರಕಲ್ಲನ್ನು ಬಿಟ್ಟು ಸಂಕಾಪುರಕ್ಕೆ ಹೋದರೆಂದು ಚರಿತ್ರೆ ಹೇಳುತ್ತದೆ. ಅಲ್ಲಿನ ಹನುಮಂತದೇವರ ಸನ್ನಿಧಿಯಲ್ಲಿ ಆ ಬಾಲಕನ ಗಾಯತ್ರೀಜಪ ನಡೆಯಿತು. ಕಡೆಗೆ ಉತ್ತನೂರಿನಲ್ಲಿ ನೆಲೆಸಿ, 1762ರಲ್ಲಿ ಅಲ್ಲಿಯೇ ಹರಿಪಾದವನ್ನು ಸೇರಿದರು. ಹುಟ್ಟಿದ ಊರಿನ ನೆಲ ಕೈತಪ್ಪಿತಾದರೂ ಆ ಮನೆಯಲ್ಲಿ ಕಲಿತ ಅನುಷ್ಠಾನ ಕೈತಪ್ಪಲಿಲ್ಲ. ಪ್ರವಾಸದಲ್ಲಿರುವವನು ಏನನ್ನು ಕಟ್ಟಿಕೊಂಡು ಹೋಗಬಹುದೆಂಬುದಕ್ಕೆ ಇದೇ ಮೊದಲ ಪಾಠ.

ಇನ್ನು ರೊಟ್ಟಿಯ ವಿಷಯ. ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ಮಹಾಪಂಡಿತರಿದ್ದರು. ವಿಜಯದಾಸರು ಆ ಊರಿಗೆ ಬಂದಾಗ ಪ್ರಸಾದಕ್ಕೆ ಆಹ್ವಾನಿಸಿದರೆ, ಪಾಂಡಿತ್ಯದ ಅಭಿಮಾನದಿಂದ ಹೊಟ್ಟೆನೋವಿನ ನೆಪ ಹೇಳಿ ಆಚಾರ್ಯರು ಹೋಗಲಿಲ್ಲವಂತೆ. ಆ ನೆಪವೇ ನಿಜವಾಗಿ ಉದರವ್ಯಾಧಿ ಅವರನ್ನು ಹಿಡಿಯಿತು. ಅನ್ನವೇ ಒಗ್ಗದ ಸ್ಥಿತಿಯುಂಟಾಯಿತು. ತೀರ್ಥಕ್ಷೇತ್ರಗಳಲ್ಲಿ ಸೇವೆ ಮಾಡಿ, ಮಂತ್ರಾಲಯಪ್ರಭುಗಳ ಸೂಚನೆಯಂತೆ ವಿಜಯದಾಸರಲ್ಲಿ ಶರಣಾಗತರಾದಾಗ, ಅವರು ಇವರನ್ನು ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು, ಜೋಳದ ರೊಟ್ಟಿಯನ್ನು ಪ್ರಸಾದವಾಗಿ ತಿನ್ನಿಸಿದರೆಂದು ದಾಸಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ವ್ಯಾಧಿ ನೀಗಿತು. ಆ ಶ್ರೀನಿವಾಸಾಚಾರ್ಯರೇ ಜಗನ್ನಾಥದಾಸರಾಗಿ, 1809ರವರೆಗೆ ಬಾಳಿ, ಹರಿಕಥಾಮೃತಸಾರವನ್ನು ಲೋಕಕ್ಕಿತ್ತರು.

ಇಲ್ಲಿ ಎರಡು ಸಂಗತಿಗಳನ್ನು ಸಜ್ಜನರು ಗಮನಿಸಬೇಕು. ರೋಗ ಬಂದುದು ಪ್ರಸಾದವನ್ನು ಅಲ್ಲಗಳೆದುದರಿಂದ. ನೀಗಿದುದು ಪ್ರಸಾದವನ್ನು ಸ್ವೀಕರಿಸಿದುದರಿಂದ. ಆ ಪ್ರಸಾದವಾದರೂ ಪಂಚಭಕ್ಷ್ಯವಾಗಿರಲಿಲ್ಲ; ಈ ನಾಡಿನ ಬಡವ ಬಲ್ಲಿದರೆಲ್ಲರೂ ದಿನವೂ ತಿನ್ನುವ ರೊಟ್ಟಿಯಾಗಿತ್ತು. ಎರಡನೆಯದಾಗಿ, ಹೀಗೆ ಅನ್ನದಿಂದಲೇ ಪಾಠ ಕಲಿತ ಮಹನೀಯರು ತಮ್ಮ ಗ್ರಂಥದಲ್ಲಿ ಭೋಜನರಸವಿಭಾಗಸಂಧಿಯೆಂದು ಒಂದು ಸಂಧಿಯನ್ನೇ ಊಟಕ್ಕೆ ಮೀಸಲಿರಿಸಿದರು. ಅನ್ನ, ಪಾಯಸ, ತುಪ್ಪ, ಹಾಲು ಮೊದಲಾಗಿ ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲಿಯೂ ಅಭಿಮಾನಿದೇವತೆಗಳ ಸಹಿತನಾಗಿ ಭಗವಂತನು ಕೇಶವಾದಿ ರೂಪಗಳಿಂದ ನೆಲೆಸಿರುವನೆಂಬ ಅನುಸಂಧಾನವನ್ನು ಅಲ್ಲಿ ಉಪದೇಶಿಸಿದ್ದಾರೆ. ಒಳಗೆ ಜಠರಾಗ್ನಿಯಲ್ಲಿ ವೈಶ್ವಾನರನಾಗಿ ನಿಂತು ಚತುರ್ವಿಧಾನ್ನವನ್ನು ಪಚನಮಾಡುವವನೂ ತಾನೇ ಎಂದು ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಸ್ವಾಮಿಯು ಅಪ್ಪಣೆ ಕೊಡಿಸಿದ್ದಾನೆ. ಎಲೆಯಲ್ಲಿ ಅವನು, ಒಡಲಲ್ಲಿ ಅವನು. ಹಾಗಿರುವಾಗ ಮಸರಕಲ್ಲಿನ ಎಲೆಗೂ ಅಮೆರಿಕೆಯ ತಟ್ಟೆಗೂ ಅವನ ಸನ್ನಿಧಾನದಲ್ಲಿ ದೂರವೆಲ್ಲಿಯದು?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. "ಅಲ್ಲಿ ಮಡಿಯಿಲ್ಲ, ನಾಲ್ಕು ಜನರ ಒಂದೇ ಅಡುಗೆಮನೆ, ಬಾವಿಯ ನೀರಿಲ್ಲ, ಹೊರಗೆ ಹಿಮ ಬೀಳುತ್ತಿರುತ್ತದೆ. ಹೀಗಿರುವಲ್ಲಿ ನೈವೇದ್ಯವೆಂತು?" ಇದಕ್ಕೆ ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆಯನ್ನು ನೆನೆಯಬೇಕು. ಕುರುದೇಶದಲ್ಲಿ ಬೆಳೆ ಹಾಳಾಗಿ ಕ್ಷಾಮ ಬಂದಾಗ ಆ ಜ್ಞಾನಿಯು ಪತ್ನಿಯೊಡನೆ ಪರಊರಿನಲ್ಲಿ ಅಲೆಯುತ್ತಿದ್ದನು. ಆನೆಯವನೊಬ್ಬನು ತಿನ್ನುತ್ತಿದ್ದ ಬೇಯಿಸಿದ ಕಾಳನ್ನೇ ಬೇಡಿ ಉಂಡನು. ಅವನು ಕುಡಿದುಳಿದ ನೀರನ್ನು ಕೊಡಹೋದಾಗ ಮಾತ್ರ ಬೇಡವೆಂದನು. ಕಾಳೂ ಎಂಜಲಲ್ಲವೇ ಎಂದು ಕೇಳಿದರೆ, ಅದನ್ನು ತಿನ್ನದಿದ್ದರೆ ಪ್ರಾಣವೇ ಉಳಿಯುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ದೊರೆಯುತ್ತದೆ ಎಂಬ ಭಾವದ ಉತ್ತರ ಕೊಟ್ಟನು. ಮರುದಿನ ರಾಜನ ಯಜ್ಞಶಾಲೆಗೆ ಹೋಗಿ, ಋತ್ವಿಜರಿಗೆ ತಿಳಿಯದಿದ್ದ ದೇವತಾತತ್ತ್ವವನ್ನು ಬೋಧಿಸಿದವನೂ ಅವನೇ.

ಉಷಸ್ತಿಯು ಅಶಕ್ಯವಾದುದನ್ನು ಬಿಟ್ಟನು, ಶಕ್ಯವಾದುದನ್ನು ಬಿಡಲಿಲ್ಲ. ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದಲ್ಲಿ, ಎಲ್ಲ ಅನ್ನಕ್ಕೂ ಅನುಮತಿಯಿರುವುದು ಪ್ರಾಣಾಪತ್ತಿನಲ್ಲಿ ಮಾತ್ರವೆಂಬ ವಿಚಾರವೂ ಇದೇ ದೃಷ್ಟಾಂತವನ್ನು ಆಶ್ರಯಿಸಿದೆ. ಇಂದು ಪರದೇಶದ ಪಟ್ಟಣಗಳಲ್ಲಿ ಅಕ್ಕಿ, ಬೇಳೆ, ಜೋಳದ ಹಿಟ್ಟು, ತುಪ್ಪ, ಕಾಯಿಪಲ್ಯಗಳು ಅಂಗಡಿಯಲ್ಲಿ ದೊರೆಯುತ್ತವೆ. ಆದುದರಿಂದ ನಿಷಿದ್ಧವಾದುದನ್ನು ತಿನ್ನಲು ಆಪದ್ಧರ್ಮದ ನೆಪ ಸಲ್ಲದು. ಆದರೆ ಪೂರ್ಣ ಮಡಿಯು ಸಾಧ್ಯವಿಲ್ಲವೆಂಬ ಕಾರಣಕ್ಕೆ ಸ್ನಾನ, ಸಂಧ್ಯಾವಂದನೆ, ನೈವೇದ್ಯ ಎಲ್ಲವನ್ನೂ ಕೈಬಿಡುವುದು ಇನ್ನೂ ದೊಡ್ಡ ಹಾನಿ. ಇಂತಹ ಹಾನಿಗೆ ಮಕ್ಕಳ ಆಲಸ್ಯದಷ್ಟೇ ನಮ್ಮ ಕಠಿಣೋಕ್ತಿಯೂ ಕಾರಣವಾಗಬಲ್ಲದು. "ಅಲ್ಲಿಗೆ ಹೋದ ಮೇಲೆ ನಿನ್ನದೆಂತಹ ಪೂಜೆ" ಎಂದು ನಾಲ್ಕು ಸಲ ಕೇಳಿಸಿಕೊಂಡವನು, ಐದನೆಯ ಸಲ ತಾನು ಏನು ಉಂಡೆನೆಂಬುದನ್ನೇ ತಾಯಿಗೆ ಹೇಳುವುದಿಲ್ಲ. ಮನೆಯ ಅನ್ನದ ಸಂಬಂಧವು ಹಾಗೆ ಕಡಿದುಹೋದರೆ ಮತ್ತೆ ಕೂಡಿಸುವುದು ಕಷ್ಟ.

ಅವರಿಂದ ಆಗಬಹುದಾದುದು ಅಲ್ಪವೇನೂ ಅಲ್ಲ. ಬೆಳಿಗ್ಗೆ ಸ್ನಾನಮಾಡಿ, ಬೇರೆ ತೆಗೆದಿಟ್ಟ ಒಂದು ಚಿಕ್ಕ ಪಾತ್ರೆಯಲ್ಲಿ ಅನ್ನವನ್ನು ಬೇಯಿಸಿ, ದೇವರ ಪಟದ ಮುಂದಿಟ್ಟು, ತುಳಸಿಯೊಡನೆ ಸಮರ್ಪಿಸಿ ಉಣ್ಣಲು ಸ್ವಲ್ಪ ಹೊತ್ತು ಸಾಕು. ಗಂಡುಮಕ್ಕಳು ಪರಿಷೇಚನ ಮಾಡಿ ಪ್ರಾಣಾದಿ ಐದು ಆಹುತಿಗಳನ್ನು ತೆಗೆದುಕೊಳ್ಳಲು ಒಂದು ಉದ್ಧರಣೆ ನೀರು ಸಾಕು. ಓದಿಗಾಗಿ, ನೌಕರಿಗಾಗಿ ಹೋದ ಹೆಣ್ಣುಮಕ್ಕಳೂ ಕೃಷ್ಣಾರ್ಪಣವೆಂದು ಸಮರ್ಪಿಸದೆ ತುತ್ತನ್ನೆತ್ತಬಾರದು. ತುಳಸಿಗೆ ಹಳತಾದ ದೋಷವಿಲ್ಲವಾದುದರಿಂದ ಒಣಗಿದ ದಳವೂ ಸಲ್ಲುತ್ತದೆ. ಏಕಾದಶಿಯ ವಿಷಯದಲ್ಲಿ, ತಿಥಿಯ ನಿರ್ಣಯವು ಇರುವ ಸ್ಥಳದ ಸೂರ್ಯೋದಯವನ್ನು ಅವಲಂಬಿಸುವುದರಿಂದ, ಅಲ್ಲಿಯ ಕಾಲಕ್ಕೆ ಗಣಿಸಿದ ಪಂಚಾಂಗವನ್ನೇ ನೋಡಬೇಕು. ಇಲ್ಲಿಯ ದಿನವನ್ನು ಕಣ್ಣುಮುಚ್ಚಿ ಅನುಸರಿಸುವುದು ಸರಿಯಲ್ಲ. ಹತ್ತಿರದಲ್ಲಿ ದೇವಸ್ಥಾನವಿದ್ದರೆ ಹಬ್ಬದ ದಿನವಾದರೂ ಹೋಗಿ ಪ್ರಸಾದವನ್ನು ಸ್ವೀಕರಿಸಬೇಕು. ಪಿಟ್ಸ್‌ಬರ್ಗಿನಲ್ಲಿ ಶ್ರೀವೆಂಕಟೇಶ್ವರನ ಪ್ರತಿಷ್ಠೆ ದಶಕಗಳ ಹಿಂದೆಯೇ ಆಯಿತು. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣವೃಂದಾವನವಿದೆ.

ರುಚಿಯ ಕೊರತೆಯನ್ನು ಸಹಿಸುವ ಶಿಕ್ಷಣವೂ ನಮ್ಮ ಮನೆಗಳಲ್ಲಿಯೇ ಇದೆ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವನ್ನು, ಎರಡನೆಯ ತಿಂಗಳು ಮೊಸರನ್ನು, ಮೂರನೆಯ ತಿಂಗಳು ಹಾಲನ್ನು, ನಾಲ್ಕನೆಯ ತಿಂಗಳು ದ್ವಿದಳಧಾನ್ಯವನ್ನು ನಾವೇ ಇಚ್ಛಾಪೂರ್ವಕವಾಗಿ ಬಿಡುತ್ತೇವೆ. ಮೊಸರಿನ ಹೆಸರನ್ನೇ ಹೊತ್ತ ಈ ಊರಿನಲ್ಲಿಯೂ ದಧಿವ್ರತದ ಒಂದು ತಿಂಗಳು ಮೊಸರಿನ ಗಡಿಗೆ ಒಳಗೆ ಬರುವುದಿಲ್ಲ. ಹೀಗೆ ಬಿಡುವುದನ್ನು ಕಲಿತ ಮಗುವಿಗೆ, ಪರದೇಶದಲ್ಲಿ ಪುಂಡಿಸೊಪ್ಪು ದೊರೆಯದ ದಿನವು ದುಃಖದ ದಿನವೇ ಆಗಬೇಕಾಗಿಲ್ಲ. ಅದನ್ನೂ ವ್ರತವೆಂದು ದೇವರಿಗೆ ಒಪ್ಪಿಸಬಹುದು.

ಇನ್ನು ಊರಿನಲ್ಲಿರುವ ನಮ್ಮ ಕರ್ತವ್ಯ. ಮಗ ಹೊರಡುವ ವಾರ ತಾಯಂದಿರು ನಿದ್ದೆಗೆಟ್ಟು ಕಡಕ್ ರೊಟ್ಟಿ ಬಡಿಯುತ್ತಾರೆ, ಹಿಂಡಿ ಕುಟ್ಟುತ್ತಾರೆ. ಇದು ವ್ಯಾಮೋಹವೆಂದು ಯಾರೂ ಹಳಿಯಬಾರದು. ಕುಚೇಲನ ಪತ್ನಿ ನೆರೆಮನೆಗಳಲ್ಲಿ ಬೇಡಿ ತಂದ ನಾಲ್ಕು ಹಿಡಿ ಅವಲಕ್ಕಿಯನ್ನು ಹರಕು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ದ್ವಾರಕೆಯ ಅರಮನೆಯಲ್ಲಿ ಅದನ್ನು ಹೊರತೆಗೆಯಲು ಕುಚೇಲನು ನಾಚಿದನು. ಸ್ವಾಮಿಯೇ ಸೆಳೆದುಕೊಂಡು ತಿಂದನು. ಮನೆಯಿಂದ ಹೊರಟ ಒರಟು ತಿನಿಸಿನ ಗಂಟಿಗೆ ಇರುವ ಬೆಲೆಯನ್ನು ಭಾಗವತವೇ ಹೀಗೆ ತೋರಿಸಿದೆ. ನಾವು ಹೇಳುವುದು ಇಷ್ಟೇ: ಆ ಗಂಟಿನಲ್ಲಿ ರೊಟ್ಟಿಯ ಜೊತೆಗೆ ಒಣಗಿಸಿದ ತುಳಸಿಯ ಒಂದು ಪೊಟ್ಟಣವೂ ಇರಲಿ. ಹೊರಡುವ ಮುನ್ನ, ಗಂಡಾಗಲಿ ಹೆಣ್ಣಾಗಲಿ, ಮಗುವಿಗೆ ಅನ್ನ, ಸಾರು ಮಾಡುವುದನ್ನೂ, ನೈವೇದ್ಯ ತೋರಿಸುವುದನ್ನೂ ಕಲಿಸಿರಿ. ರೊಟ್ಟಿಯೇ ಬೇಕೆಂದರೆ ಅದನ್ನೂ ಕಲಿಸಿರಿ. ಹಳೆಯ ಹಿಟ್ಟಿಗೆ ಜಿಗಿಯಿಲ್ಲದೆ ಅಂಚು ಬಿರಿಯುತ್ತದೆ, ಕುದಿನೀರು ಹಾಕಿ ನಾದಬೇಕು ಎಂಬ ಸೂಕ್ಷ್ಮವನ್ನು ತಾಯಿಯ ಕೈ ನೋಡಿಯೇ ಕಲಿಯಬೇಕಷ್ಟೆ. ಬಿರಿದ ರೊಟ್ಟಿಯಾದರೂ ಭಕ್ತಿಯಿಂದ ಅರ್ಪಿಸಿದರೆ ದೇವರು ಬೇಡವೆನ್ನನು. ಎಲೆ, ಹೂವು, ಹಣ್ಣು, ನೀರಿನಲ್ಲಿಯೇ ತೃಪ್ತನಾಗುವೆನೆಂದು ಗೀತೆಯಲ್ಲಿ ಮಾತು ಕೊಟ್ಟವನು ಅವನು.

ದಿನವೂ ದೂರವಾಣಿಯಲ್ಲಿ ಮುಖ ನೋಡಿ ಮಾತನಾಡುವ ಸೌಕರ್ಯ ಈಗ ಮನೆಮನೆಗೂ ಬಂದಿದೆ. "ಊಟ ಆಯ್ತೇನಪ್ಪಾ" ಎಂದು ತಾಯಿ ಕೇಳಿಯೇ ಕೇಳುತ್ತಾಳೆ. ಅದಕ್ಕೆ ಮೊದಲು "ನೈವೇದ್ಯ ಆಯ್ತೇನಪ್ಪಾ" ಎಂದು ಕೇಳುವ ಅಭ್ಯಾಸವಿಟ್ಟುಕೊಳ್ಳಲಿ. ಪರೀಕ್ಷೆ ಮಾಡುವ ಧ್ವನಿಯಲ್ಲಿ ಕೇಳುವುದು ಬೇಡ; ಅಡುಗೆಮನೆಯಿಂದ ಕೂಗಿ ಕೇಳುತ್ತಿದ್ದ ಹಿಂದಿನ ಧ್ವನಿಯಲ್ಲಿಯೇ ಕೇಳಲಿ. ಇಲ್ಲವೆಂದು ಮಗ ಹೇಳಿದ ದಿನ ಬೈಯದೆ, ನಾಳೆ ಮಾಡೆಂದು ಹೇಳಲಿ.

ಜೀವನು ಈ ಸಂಸಾರದಲ್ಲಿ ಪ್ರವಾಸಿಯೇ. ತನ್ನ ಬಿಂಬನಾದ ಶ್ರೀಹರಿಯ ಸನ್ನಿಧಿಯೇ ಅವನ ನಿಜವಾದ ಮನೆ. ದೂರದೇಶದಲ್ಲಿ ಮನೆಯ ತುತ್ತಿಗಾಗಿ ನೀರೂರುವ ಕಣ್ಣು ಆ ಮನೆಗಾಗಿಯೂ ಒಮ್ಮೆ ನೀರೂರುವಂತಾಗಲಿ. ಗೋಪಾಲದಾಸರ ರೊಟ್ಟಿಯು ಜಗನ್ನಾಥದಾಸರಿಗೆ ಆರೋಗ್ಯವನ್ನೂ ಜ್ಞಾನಭಕ್ತಿಗಳನ್ನೂ ಕೊಟ್ಟಂತೆ, ನಮ್ಮ ಮಕ್ಕಳು ಎಲ್ಲಿಯೇ ಇರಲಿ, ಅವರ ಎಲೆಯ ಅನ್ನವು ಪ್ರಸಾದವಾಗಿ ಅವರನ್ನು ಕಾಪಾಡಲೆಂದು ಭಾರತೀರಮಣಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯನ್ನು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥