ಕಾಗದ ಸರಿಯಿದ್ದರೆ ಸಾಕೇ?

ನಾನು ಶಿಕ್ಷಕಿಯಾಗುವ ಮೊದಲು ಹತ್ತು ತಿಂಗಳು ಕೋವಿ ಅಂಗಡಿಯಲ್ಲಿ ಕೆಲಸ ಮಾಡಿದ್ದೆ ಎಂದರೆ ಹೊರ ಜಿಲ್ಲೆಯ ಗೆಳತಿಯರು ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖವನ್ನು ಇನ್ನೊಮ್ಮೆ ನೋಡುತ್ತಾರೆ. ಕೊಡಗಿನವರು ನಗುವುದಿಲ್ಲ. ‘ಯಾರ ಅಂಗಡಿ?’ ಎಂದಷ್ಟೇ ಕೇಳುತ್ತಾರೆ. ನಮ್ಮ ಕಡೆ ಕೋವಿಯೆಂದರೆ ಮನೆಯ ಒಂದು ಸಾಮಾನು. ಕೈಲುಮುಹೂರ್ತಕ್ಕೆ ಅದನ್ನು ಒರೆಸಿ, ಎಣ್ಣೆ ಹಚ್ಚಿ, ದೇವರ ಕೋಣೆಯಲ್ಲಿಟ್ಟು, ತೋಕ್ ಪೂ ಎಂದು ಕೊಡವರು ಕರೆಯುವ ಗೌರಿ ಹೂವನ್ನು ನಳಿಗೆಗೆ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಹುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು ಗುಂಡು. ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಹೆಣ್ಣು ಹುಟ್ಟಿದರೆ ಹಾರಿಸುವ ರೂಢಿ ಇರಲಿಲ್ಲ. ಆ ಮಾತು ಇನ್ನೊಂದು ದಿನಕ್ಕಿರಲಿ.

1991ರಲ್ಲಿ ನಾನು ಬಿ.ಎ. ಮುಗಿಸಿದೆ. ಬಿ.ಎಡ್.ಗೆ ಆ ವರ್ಷ ಸೀಟು ಸಿಗಲಿಲ್ಲ. ಮನೆಯಲ್ಲಿ ಸುಮ್ಮನೆ ಕೂರುವುದೇಕೆಂದು ಮಡಿಕೇರಿಯ ಸೋದರಮಾವ ತಮ್ಮ ಅಂಗಡಿಗೆ ಕರೆದರು. ಗಾಳಿಬೀಡಿನಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಅಂಗಡಿಯ ಎಡಗಡೆ ಹಾಕಿ ಕೋಲು, ಫುಟ್‌ಬಾಲು, ಷಟ್ಲ್ ಬ್ಯಾಟು. ಬಲಗಡೆ ಗಾಜಿನ ಕೌಂಟರು, ಅದರ ಹಿಂದೆ ಸರಪಳಿ ಹಾಕಿ ನಿಲ್ಲಿಸಿದ ಕೋವಿಗಳು. ನನ್ನ ಅಕ್ಷರ ದುಂಡಗಿತ್ತಾದ್ದರಿಂದ ಮಾವ ನನ್ನನ್ನು ಬಲಗಡೆಗೇ ಕೂರಿಸಿ, ರಿಜಿಸ್ಟರು ಒಪ್ಪಿಸಿಬಿಟ್ಟರು.

ಕೋವಿ ವ್ಯಾಪಾರದ ಜೀವವೆಲ್ಲ ಆ ರಿಜಿಸ್ಟರಿನಲ್ಲಿದೆ. ಕೊಳ್ಳುವವನ ಹೆಸರು, ಊರು, ಲೈಸೆನ್ಸಿನ ಅಥವಾ ವಿನಾಯಿತಿ ಪತ್ರದ ನಂಬರು, ಕೋವಿಯ ನಂಬರು, ಒಂಟಿ ನಳಿಗೆಯೋ ಜೋಡಿ ನಳಿಗೆಯೋ, ಎಷ್ಟು ತೋಟೆ, ಯಾವ ನಂಬರಿನ ಚರೆ. ಎಲ್ಲವನ್ನೂ ಬರೆದು ಸಹಿ ಹಾಕಿಸಬೇಕು. ಪೊಲೀಸರು ಯಾವಾಗ ಬೇಕಾದರೂ ಬಂದು ನೋಡುತ್ತಿದ್ದರು. ತೋಟೆಗಳು ಹೆಚ್ಚಾಗಿ ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯ ಶಕ್ತಿಮಾನ್. ವಿದೇಶಿ ಕೋವಿಗಳ ಆಮದು 1980ರ ದಶಕದಲ್ಲೇ ನಿಂತುಹೋಗಿದ್ದರಿಂದ ಅಜ್ಜಂದಿರ ಕಾಲದ ಇಂಗ್ಲಿಷ್ ಕೋವಿ ರಿಪೇರಿಗೆ ಬಂದರೆ ಮಾವ ಅದನ್ನು ಬಾಣಂತಿ ಕೋಣೆಯ ಮಗುವಿನಂತೆ ಎತ್ತಿಕೊಳ್ಳುತ್ತಿದ್ದರು. ನಮ್ಮ ಮಳೆಯಲ್ಲಿ ಕಬ್ಬಿಣ ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತು. ತೋಟೆಯೂ ಕೆಡುತ್ತದೆ ಎಂದು ನನಗೆ ಗೊತ್ತಾದದ್ದು ಅಲ್ಲಿ. ಕಾಗದದ ಹೊದಿಕೆಯ ತೋಟೆ ತೇವಕ್ಕೆ ಊದಿಕೊಂಡು ನಳಿಗೆಗೆ ಇಳಿಯುವುದೇ ಇಲ್ಲ. ಅದನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುತ್ತೇವೆ ಎಂದು ಹೇಳುವ ಪುಣ್ಯಾತ್ಮರೂ ಇದ್ದರು!

ಬೇರೆ ಜಿಲ್ಲೆಯ ಓದುಗರಿಗೆ ‘ವಿನಾಯಿತಿ ಪತ್ರ’ ಏನೆಂದು ಹೇಳಬೇಕು. 1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯುವ ಕಾಯ್ದೆ ತಂದರು. 1861ರಲ್ಲಿ ಮಾರ್ಕ್ ಕಬ್ಬನ್, ಬೆಂಗಳೂರಿನ ಪಾರ್ಕಿಗೆ ಯಾರ ಹೆಸರಿದೆಯೋ ಅದೇ ಕಬ್ಬನ್, ಕೊಡಗಿನವರ ನಿಷ್ಠೆ ಶೌರ್ಯಗಳನ್ನು ಹೊಗಳಿ ಅವರನ್ನು ಆ ಕಾಯ್ದೆಯಿಂದ ಹೊರಗಿಟ್ಟ. ಸ್ವಾತಂತ್ರ್ಯ ಬಂದು, 1959ರ ಆಯುಧ ಕಾಯ್ದೆ ಬಂದ ಮೇಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಉಳಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನಮ್ಮಂಥ ಅರೆಭಾಷೆ ಗೌಡರ ಮನೆಗಳಿಗೂ ಜಮ್ಮಾ ಭೂಮಿಯ ಮೂಲಕ ಈ ಹಕ್ಕು ಬಂದಿದೆ. ಆದರೆ ಅದೇ ಬ್ರಿಟಿಷರು 1837ರಲ್ಲಿ, ತಮ್ಮ ವಿರುದ್ಧ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ್ದರು ಎಂಬುದನ್ನು ನಾನು ಮಕ್ಕಳಿಗೆ ಪಾಠ ಮಾಡುವಾಗ ಮರೆಯದೆ ಸೇರಿಸುತ್ತೇನೆ. ಯಾರ ಕೈಯಲ್ಲಿ ಕೋವಿ ಇರಬಹುದು ಎಂಬ ಲೆಕ್ಕ ಆಳುವವರ ಅನುಕೂಲ ನೋಡಿ ಬದಲಾಗುತ್ತದೆ.

ಇದಿಷ್ಟು ಕಾಗದದ ಮಾತು. ನಾನು ಹೇಳಹೊರಟದ್ದು ಕಾಗದ ಮುಗಿದ ಮೇಲಿನ ಮಾತು.

1992ರ ಜುಲೈ ಇರಬೇಕು, ಗದ್ದೆ ನಾಟಿಯ ಸಮಯ. ಹೊರಗೆ ಜಡಿಮಳೆ. ಸುಮಾರು ಮೂವತ್ತರ ಒಬ್ಬ ಹೆಂಗಸು ಕೊಡೆ ಮಡಚಿ ಒಳಗೆ ಬಂದು, ಹಾಕಿ ಕೋಲುಗಳ ಕಡೆ ನಿಂತುಕೊಂಡಳು. ಏನು ಬೇಕೆಂದು ಕೇಳಿದರೆ ‘ನೋಡ್ತೇನೆ’ ಎಂದಳು. ಇದ್ದ ಇಬ್ಬರು ಗಿರಾಕಿಗಳು ಹೋಗುವವರೆಗೂ ನೋಡುತ್ತಲೇ ಇದ್ದಳು. ಮಾವ ಹಿಂದಿನ ಕೋಣೆಯಲ್ಲಿದ್ದರು. ಆಗ ನನ್ನ ಹತ್ತಿರ ಬಂದು, ಗಾಜಿನ ಮೇಲೆ ಎರಡೂ ಕೈ ಊರಿ, ತನ್ನ ಗಂಡನ ಹೆಸರನ್ನು ಬಾಯಲ್ಲಿ ಹೇಳದೆ ಊರನ್ನೂ ಮನೆತನವನ್ನೂ ಹೇಳಿದಳು. ‘ಅವರು ಬಂದ್ರೆ ತೋಟೆ ಮುಗಿದಿದೆ ಅಂದುಬಿಡು ತಂಗಿ. ನಾಟಿ ಮುಗಿಯುವವರೆಗೆ ಸಾಕು.’ ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳ ಎಡ ಮಣಿಕಟ್ಟಿನಲ್ಲಿ ಬಳೆ ಇರಲಿಲ್ಲ, ಬಲಗೈಯಲ್ಲಿ ತುಂಬ ಇದ್ದವು. ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮಾವನಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಕೂಸೇ, ಅವನ ಕಾಗದ ಸರಿಯಿದೆ. ಇರುವ ಸರಕನ್ನು ಇಲ್ಲ ಎನ್ನುವುದು ವ್ಯಾಪಾರ ಅಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಹಾಗೆ ಹೇಳಿಲ್ಲ’ ಎಂದರು. ನಾನು ಅಂದೆ, ‘ಹಾಗಾದರೆ ಕೊಡ್ತೀರಾ ಮಾವ?’ ‘ಕೊಡ್ತೇನೆ ಅಂತ ಎಲ್ಲಿ ಹೇಳಿದೆ?’

ನಾಲ್ಕು ದಿನ ಬಿಟ್ಟು ಆತ ಬಂದ. ಕುಡಿದಿರಲಿಲ್ಲ. ಮರ್ಯಾದಸ್ಥನಂತೆಯೇ ಇದ್ದ. ಹಂದಿ ಕಾಟ, ಹತ್ತು ತೋಟೆ ಬೇಕು ಎಂದ. ನಾಟಿಯ ಕಾಲದಲ್ಲಿ ಹಂದಿ ಬರುವುದಿಲ್ಲವೆಂದಲ್ಲ. ಆದರೆ ತೆನೆ ಕಟ್ಟುವ ಕಾಲದ ಹಾಗೆ ತೋಟೆ ಕೇಳಿಕೊಂಡು ಬರುವವರು ಆಗ ಕಡಿಮೆ. ಮಾವ, ‘ಇವತ್ತು ಕೊಡುವುದಿಲ್ಲ, ಕೈಲುಮುಹೂರ್ತಕ್ಕೆ ಬಾ’ ಎಂದರು. ಅವನು ಪತ್ರವನ್ನು ಗಾಜಿನ ಮೇಲಿಟ್ಟ. ತನ್ನ ಅಪ್ಪ, ಅಜ್ಜ, ಪಟ್ಟೇದಾರಿಕೆ ಎಲ್ಲವನ್ನೂ ಹೇಳಿದ. ಮಾವ ಕದಲಲಿಲ್ಲ. ಕೊನೆಗೆ ಅವನು ಸ್ವರ ತಗ್ಗಿಸಿ, ‘ಅಣ್ಣ, ನಿಮಗೆ ಯಾರು ಏನು ಹೇಳಿದರು?’ ಎಂದು ಕೇಳಿದ.

ಅಂಗಡಿಯಲ್ಲಿ ಮಳೆಯ ಸದ್ದು ಮಾತ್ರ.

‘ಯಾರೂ ಏನೂ ಹೇಳಿಲ್ಲ’ ಎಂದರು ಮಾವ.

ನೋಡಿ, ಸುಳ್ಳು ಹೇಳಲೊಲ್ಲದ ಮನುಷ್ಯ ಸುಳ್ಳು ಹೇಳಲೇಬೇಕಾಯಿತು. ಅದೂ ಯಾರೂ ನಂಬದ ಸುಳ್ಳು. ‘ತೋಟೆ ಮುಗಿದಿದೆ’ ಎಂದಿದ್ದರೆ ಅವನಿಗೆ ಶಕ್ತಿಮಾನ್ ಕಾರ್ಖಾನೆಯ ಮೇಲೆ ಸಿಟ್ಟು ಬರುತ್ತಿತ್ತು. ಈಗ ಯಾರ ಮೇಲೆ ಬಂತು? ಅವನು ಬಸ್ಸು ಹತ್ತಿ ಯಾರ ಹತ್ತಿರ ಹೋದ? ಆ ಹೆಂಗಸು ನಮ್ಮಿಂದ ಧರ್ಮೋಪದೇಶ ಕೇಳಿರಲಿಲ್ಲ. ತನ್ನ ಹೆಸರು ಎಲ್ಲೂ ತಾಗದಂಥ ಒಂದು ಸಣ್ಣ ಸುಳ್ಳು ಕೇಳಿದ್ದಳು. ಆ ಮನೆಯ ಒಳಗಿನ ಹವೆ ಅವಳಿಗೆ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ. ಅಂದೂ ನನಗೆ ಅವಳ ದಾರಿಯೇ ಸರಿ ಅನ್ನಿಸಿತ್ತು, ಇಂದೂ ಹಾಗೆಯೇ ಅನ್ನಿಸುತ್ತದೆ. ಮಾವನ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಒಬ್ಬ ಗಿರಾಕಿಯನ್ನು, ಅವನ ಬಳಗದ ವ್ಯಾಪಾರವನ್ನು ಕಳೆದುಕೊಳ್ಳಲು ಅವರು ಸಿದ್ಧರಿದ್ದರು. ಆದರೆ ಅವರ ಸತ್ಯದ ಖರ್ಚು ಬೇರೆಯವರ ಲೆಕ್ಕಕ್ಕೆ ಬರೆಯಲ್ಪಟ್ಟಿತು.

ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ಕಥೆ ಬರುತ್ತದೆ. ಸತ್ಯವನ್ನೇ ಹೇಳುತ್ತೇನೆಂದು ವ್ರತ ತೊಟ್ಟವನು. ಕಳ್ಳರಿಗೆ ಹೆದರಿ ಓಡಿಬಂದ ಜನ ಕಾಡಿನಲ್ಲಿ ಅಡಗಿದರು. ಹಿಂದೆ ಬಂದ ಕಳ್ಳರು ಕೇಳಿದಾಗ ಈ ಮಹಾನುಭಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರೆಲ್ಲ ಸತ್ತರು, ಇವನು ನರಕಕ್ಕೆ ಹೋದ. ಈ ಕಥೆಯನ್ನು ಅರ್ಜುನನಿಗೆ ಹೇಳುವವನು ಕೃಷ್ಣ. ನಮ್ಮ ಪಠ್ಯಪುಸ್ತಕಗಳು ಹರಿಶ್ಚಂದ್ರನನ್ನು ಬಿಡುವುದಿಲ್ಲ, ಕೌಶಿಕನ ಸುದ್ದಿಗೆ ಹೋಗುವುದಿಲ್ಲ. ಯಾಕೋ.

ಆ ಗಂಡಸು ಸೆಪ್ಟೆಂಬರಿನಲ್ಲಿ ಬಂದು ಹತ್ತು ತೋಟೆ ಕೊಂಡುಹೋದ, ಬರೆದುಕೊಂಡವಳು ನಾನೇ. ಅವಳು ಮತ್ತೆ ಬರಲಿಲ್ಲ. ಕೇಡಿನ ಸುದ್ದಿಯೇನೂ ಕೇಳಲಿಲ್ಲ. ನಾವು ತಡೆದದ್ದರಿಂದ ಕೇಡು ತಪ್ಪಿತೋ, ಮೊದಲೇ ಆಗದ್ದನ್ನು ತಡೆದೆವೋ, ಹೇಳುವುದು ಹೇಗೆ?

ಅಮೆರಿಕದಲ್ಲಿ ಇದು ಪತ್ರಿಕೆಗಳಲ್ಲಿ ಚರ್ಚೆಯಾದ ವಿಷಯ. 2009ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಒಂದೇ ಕ್ರೀಡಾ ಸಾಮಗ್ರಿ ಅಂಗಡಿಯಿಂದ, ಒಂದು ವಾರದೊಳಗೆ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರು ಬಂದೂಕು ಕೊಂಡರು. ಮೂವರೂ ಕೊಂಡ ಕೆಲವೇ ಗಂಟೆಗಳಲ್ಲಿ ತಮ್ಮ ಜೀವ ಕಳೆದುಕೊಂಡರು. ಕಾನೂನಿನ ಪ್ರಕಾರ ಅಂಗಡಿಯವರ ತಪ್ಪೇನೂ ಇರಲಿಲ್ಲ. ಆದರೂ ಅಂಗಡಿಯ ಯಜಮಾನ ಆರೋಗ್ಯ ಕಾರ್ಯಕರ್ತರ ಜೊತೆ ಕೂತು, ಕೌಂಟರಿನವರು ಯಾವ ಲಕ್ಷಣ ಗಮನಿಸಬೇಕು ಎಂದು ಬರೆದು ಬೇರೆ ಅಂಗಡಿಗಳಿಗೂ ಹಂಚುವ ಕೆಲಸಕ್ಕೆ ಕೈಹಾಕಿದ. ಕೋವಿಯ ಬಗ್ಗೆ ಏನೂ ತಿಳಿಯದವನು, ಒರೆಸುವುದು ಕಾಪಾಡುವುದು ಹೇಗೆಂದು ಕೇಳದವನು, ಈಗಿಂದೀಗಲೇ ಬೇಕೆನ್ನುವವನು: ಇವರನ್ನು ಮಾತಾಡಿಸಿ, ಅನುಮಾನ ಬಂದರೆ ಮಾರಬೇಡಿ ಎಂದು. ಓದಿದಾಗ ನನಗೆ ಮಾವ ನೆನಪಾದರು. ಹೊಸ ಗಿರಾಕಿ ಬಂದರೆ ಅವರು ಕೋವಿಯನ್ನು ಅವನ ಕೈಗೆ ಕೊಟ್ಟು ಸುಮ್ಮನಿರುತ್ತಿದ್ದರು. ಮುರಿದು ನಳಿಗೆಯ ಒಳಗೆ ಬೆಳಕಿಗೆ ಹಿಡಿದು ನೋಡುವವನು ಇಟ್ಟುಕೊಳ್ಳುವವನು ಎನ್ನುತ್ತಿದ್ದರು.

ಇಲ್ಲಿಗೇ ನಿಲ್ಲಿಸಿದರೆ ಮಾವ ದೊಡ್ಡವರಾಗುತ್ತಾರೆ, ನನ್ನ ಪ್ರಬಂಧವೂ ಚೆನ್ನಾಗಿ ಮುಗಿಯುತ್ತದೆ. ಆದರೆ ಅದೇ ಕೌಂಟರಿನ ಹಿಂದೆ ಕೂತು ನಾನು ಇನ್ನೊಂದನ್ನೂ ಕಂಡಿದ್ದೇನೆ. ತೋಟದ ಧಣಿಯೊಬ್ಬರು ತಮ್ಮ ಲೈನಿನ ಯರವ ಆಳಿನ ಕೈಯಲ್ಲಿ ಚೀಟಿ ಕೊಟ್ಟು ತೋಟೆ ತರಲು ಕಳಿಸಿದರು. ಪತ್ರದವನೇ ಬರಬೇಕೆಂಬ ನಿಯಮ ಸರಿಯೇ. ಆದರೆ ಮಾವ ಅವನನ್ನು ಕಳಿಸಿದ ರೀತಿ? ಎಲ್ಲಿಂದ ಬಂದೆ, ಯಾರ ಚೀಟಿ, ನಿನಗೇಕೆ ತೋಟೆ ಎಂದು ನಾಲ್ಕು ಜನರ ಎದುರು ವಿಚಾರಣೆ. ಬಾಗಿಲ ಹೊರಗೆ ಮಳೆಯಲ್ಲೇ ನಿಲ್ಲಿಸಿ. ಮಧ್ಯಾಹ್ನ ಧಣಿಯವರೇ ಬಂದರು. ಕಾಲು ನೆಲದ ಮೇಲೆ ಸರಿಯಾಗಿ ನಿಲ್ಲುತ್ತಿರಲಿಲ್ಲ, ಬ್ರಾಂದಿಯ ವಾಸನೆ ಎಡಗಡೆಯ ಫುಟ್‌ಬಾಲುಗಳವರೆಗೂ ಬರುತ್ತಿತ್ತು. ಅವರಿಗೆ ಕುರ್ಚಿ, ಕಾಫಿ, ತೋಟೆ. ನಾನು ರಿಜಿಸ್ಟರಿನಲ್ಲಿ ಬರೆದೆ.

‘ಮುಖ ನೋಡಿ ಮಾರಬೇಕು’ ಎಂಬ ಮಾತು ಕೇಳಲು ಚಂದ. ಆದರೆ ಯಾರ ಮುಖ ನಮಗೆ ಅನುಮಾನದ ಮುಖವಾಗಿ ಕಾಣುತ್ತದೆ? ತಲೆತಲಾಂತರದಿಂದ ಕಾಡಿನಲ್ಲೇ ಬದುಕಿದ ಯರವನಿಗೆ ವಿನಾಯಿತಿಯ ಪತ್ರವಿಲ್ಲ. ಕಾಗದವಿಲ್ಲದವನಿಗೆ ಮುಖವೂ ಇಲ್ಲದಂತಾಗುತ್ತದೆ. ಕಾಗದಕ್ಕೆ ಕಣ್ಣಿಲ್ಲ, ನಿಜ. ಕಣ್ಣಿಗೆ ಜಾತಿ ಇದೆಯಲ್ಲ? ಹಾಗೆಂದು ಕಾಗದವನ್ನೇ ನಂಬಿ ಕೂತರೆ ಮಳೆಯಲ್ಲಿ ಬಂದ ಆ ಹೆಂಗಸಿಗೆ ನಾವೇನು ಹೇಳಬೇಕಾಗಿತ್ತು? ಈ ಎರಡನ್ನೂ ಒಟ್ಟಿಗೆ ತೂಗುವ ತಕ್ಕಡಿ ನನಗೆ ಸಿಕ್ಕಿಲ್ಲ. ತರಗತಿಯಲ್ಲಿ ಕಂಪಾಸ್ ಬಾಕ್ಸು ಕಳೆದುಹೋದಾಗ ಮಕ್ಕಳ ಕಣ್ಣುಗಳು ಮೊದಲು ಯಾವ ಬೆಂಚಿನ ಕಡೆ ತಿರುಗುತ್ತವೆ ಎಂದು ಇಷ್ಟು ವರ್ಷ ನೋಡಿದ್ದೇನೆ. ಆ ಕಣ್ಣುಗಳೇ ಬೆಳೆದು ಕೌಂಟರಿನ ಹಿಂದೆ ಕೂರುತ್ತವೆ. ಅದಕ್ಕೇ ನನಗೆ ಅನ್ನಿಸುವುದು: ಅನುಮಾನಿಸುವ ಹಕ್ಕು ಅಂಗಡಿಯವನಿಗಿಂತ ಮೊದಲು, ಆ ಕೋವಿಯ ಜೊತೆ ಒಂದೇ ಸೂರಿನಡಿ ಮಲಗುವವರಿಗೆ ಇರಬೇಕು.

ಕೆನಡಾ ದೇಶದಲ್ಲಿ ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕುವವನು ತನ್ನ ಹೆಂಡತಿಯ ವಿವರ ಕೊಟ್ಟು ಆಕೆಯ ಸಹಿಗೂ ಜಾಗ ಬಿಡಬೇಕು. ಸಹಿ ಇಲ್ಲದಿದ್ದರೆ ಅಧಿಕಾರಿಗಳೇ ಆಕೆಗೆ ವಿಷಯ ತಿಳಿಸುತ್ತಾರೆ. ಹೆಂಡತಿ ಅರ್ಜಿ ಹಾಕಿದರೆ ಗಂಡನಿಗೂ ಇದೇ ನಿಯಮ. ಇದನ್ನು ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯೊಂದರಲ್ಲಿ ಹೇಳಿದಾಗ ಹಿಂದಿನ ಸಾಲಿನ ಒಬ್ಬ ಅಜ್ಜಿ ಕೇಳಿದರು: ‘ಸಹಿ ಹಾಕದಿದ್ದರೆ ಹಾಕದವಳು ಯಾರು ಅಂತ ಅವನಿಗೆ ಗೊತ್ತಾಗುವುದಿಲ್ವಾ ಟೀಚರೇ?’ ಎಲ್ಲರೂ ನಕ್ಕರು. ನಾನೂ ನಕ್ಕೆ, ಉತ್ತರ ಇರಲಿಲ್ಲ. 2029 ಹತ್ತಿರವಾದಂತೆ ವಿನಾಯಿತಿಯ ಬಗ್ಗೆ ಮತ್ತೆ ಸಭೆ, ಮನವಿಗಳಾಗುತ್ತವೆ. ಹಕ್ಕು ಉಳಿಯಬೇಕು ಎನ್ನುವವರ ಪೈಕಿ ನಾನೂ ಒಬ್ಬಳು. ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವ ಸಾಲಿನಲ್ಲಿ ಈಗ ನಮ್ಮ ಹೆಣ್ಣುಮಕ್ಕಳೂ ನಿಲ್ಲುತ್ತಾರೆ. ಆ ಸಭೆಗಳಲ್ಲಿ ಅಜ್ಜಿಯ ಪ್ರಶ್ನೆಯನ್ನು ಯಾರಾದರೂ ಎತ್ತಿದರೆ ಚೆನ್ನ. ಯಾರೂ ಎತ್ತದಿದ್ದರೆ ನಾನೇ ಎತ್ತಬೇಕಾದೀತು.

ನಮ್ಮ ಮನೆಯಲ್ಲಿ ಕೋವಿ ಇರುವುದು ಮಹಡಿಯ ಕೋಣೆಯ ಗೋದ್ರೇಜಿನಲ್ಲಿ. ತೋಟೆಯ ಡಬ್ಬಿ ಕೆಳಗೆ, ಅಕ್ಕಿ ಪೆಟ್ಟಿಗೆಯ ಹಿಂದಿನ ಗೂಡಿನಲ್ಲಿ. ಆ ಗೂಡಿನ ಬೀಗದ ಕೈ ನನ್ನ ಹತ್ತಿರ. ನಮ್ಮವರು ಕೇಳಿದಾಗ ಕೊಡುತ್ತೇನೆ, ‘ಯಾಕೆ’ ಎಂದು ಕೇಳಿಯೇ ಕೊಡುತ್ತೇನೆ. ಮದುವೆಯಾದ ಹೊಸದರಲ್ಲಿ ಅವರಿಗೆ ಇದು ತಮಾಷೆಯಾಗಿತ್ತು, ಆಮೇಲೆ ಕಿರಿಕಿರಿಯಾಯಿತು. ಈಗ ನಾನು ಕೇಳುವ ಮೊದಲೇ ಹೇಳುತ್ತಾರೆ: ‘ಹಂದಿಗೆ, ಮಾರಾಯ್ತಿ, ಹೆದರಿಸಲಿಕ್ಕೆ. ಒಂದೇ ಒಂದು.’